ಒಂದೇ ಗುಂಪಿನವರು

ರಕ್ತ ಕಡಿಮೆಯಾಗಿದೆ ಎಂದು ಡಾಕ್ಟರು ಹೇಳಿದರೆ ನಮ್ಮ ಕಡೆಯ ಹೆಂಗಸರು ಹೆದರುವುದಿಲ್ಲ. ನುಗ್ಗೆಸೊಪ್ಪು ತಿನ್ನು, ಕಡಲೆಬೀಜ ಬೆಲ್ಲ ತಿನ್ನು, ಟಾನಿಕ್ಕು ಕುಡಿ ಅನ್ನುತ್ತಾರೆ. ತಿಂದು, ಕುಡಿದು, ಮತ್ತೆ ಕೆಲಸಕ್ಕೆ ಏಳುತ್ತೇವೆ. ನಾನೂ ತೊಂಬತ್ತೇಳರ ಬೇಸಿಗೆಯನ್ನೆಲ್ಲ ಟಾನಿಕ್ಕು ಕುಡಿದೇ ಕಳೆದೆ. ಪಾಂಡವಪುರದ ನಮ್ಮ ಬೀದಿಯ ನಲ್ಲಿಯಿಂದ ಒಂದು ಕೊಡ ನೀರು ಮನೆಗೆ ತರುವಷ್ಟರಲ್ಲಿ ಎದೆ ಡವಡವ ಹೊಡೆದುಕೊಳ್ಳುತ್ತಿತ್ತು. ಹಲ್ಲುಜ್ಜಿದರೆ ಉಗುಳೆಲ್ಲ ಕೆಂಪಾಗುತ್ತಿತ್ತು. ಯಾರಿಗೂ ಹೇಳಲಿಲ್ಲ. ಹೇಳುವಂಥದ್ದು ಎಂದು ಅನ್ನಿಸಿರಲೂ ಇಲ್ಲ.

ಮೈಮೇಲಿನ ಕಲೆಗಳನ್ನು ಮೊದಲು ಕಂಡವರು ನಮ್ಮತ್ತೆ ಗೌರಮ್ಮ. ತಲೆಗೆ ಎಣ್ಣೆ ಹಚ್ಚಿಸಿಕೊಳ್ಳಲು ಅವರ ಮುಂದೆ ಕೂತಿದ್ದೆ. ತೋಳಿನ ಮೇಲೆ, ಬೆನ್ನ ಮೇಲೆ ನೀಲಿ ನೀಲಿ ಕಲೆಗಳು. ಅತ್ತೆ ಎಣ್ಣೆ ಬಟ್ಟಲನ್ನು ಅಲ್ಲೇ ಬಿಟ್ಟು, ಹಜಾರದಲ್ಲಿ ಅಗ್ಗಿಷ್ಟಿಕೆಯ ಮುಂದೆ ಕೂತು ಕಾಲುಂಗುರ ಬೆಸೆಯುತ್ತಿದ್ದ ಮಗನ ಹತ್ತಿರ ಹೋದರು.

"ಅಲ್ಲ ಕಣ್ಲಾ, ಎಂಡ್ರುನ್ನ ಇಂಗೆ ಒಡ್ದಿದ್ದೀಯಲ್ಲ! ನಿಮ್ಮಪ್ಪ ಯಾವತ್ತಾದ್ರೂ ನನ್ ಮ್ಯಾಲೆ ಕೈ ಮಾಡಿದ್ರಾ?"

ನನ್ನ ಗಂಡ ಚಂದ್ರಾಚಾರಿ ಊದುಗೊಳವೆಯನ್ನು ಬಾಯಿಂದ ತೆಗೆದು ಬೆಪ್ಪಾಗಿ ನೋಡಿದರು. ನಾನು ಹಿಂದೆಯೇ ಹೋಗಿ, "ಅವರೇನೂ ಮಾಡಿಲ್ಲ ಅತ್ತೆ, ತಾನಾಗೇ ಬಂದದೆ" ಎಂದೆ.

"ತಾನಾಗೇ ಬತ್ತದಾ?" ಅತ್ತೆ ನನ್ನ ತೋಳನ್ನು ಮತ್ತೆ ಹಿಡಿದು ನೋಡಿದರು. ಅವರ ಮುಖದಲ್ಲಿದ್ದ ಸಿಟ್ಟು ಹೋಗಿ ಬೇರೆ ಏನೋ ಬಂತು. "ಅವ್ನು ಒಡ್ದಿದ್ರೇನೇ ಚೆಂದಾಗಿತ್ತಲ್ಲವ್ವಾ" ಎಂದರು.

ಪಾಂಡವಪುರದ ಡಾಕ್ಟರು ಮೈಸೂರಿನ ಒಂದು ಆಸ್ಪತ್ರೆಗೆ ಕಳಿಸಿದರು. ಅಲ್ಲಿ ಸೊಂಟದ ಮೂಳೆಗೆ ದಪ್ಪ ಸೂಜಿ ಚುಚ್ಚಿ ಒಳಗಿನದನ್ನು ಎಳೆದು ನೋಡಿದರು. ನಮ್ಮನ್ನು ನೋಡಿಕೊಳ್ಳುತ್ತಿದ್ದ ಡಾಕ್ಟರಮ್ಮ ಸಣ್ಣ ದನಿಯವರು, ಮಾತಾಡುವಾಗ ನಮ್ಮ ಕಣ್ಣನ್ನೇ ನೋಡುತ್ತಿದ್ದರು.

"ಮೂಳೆಯೊಳಗೆ ರಕ್ತ ಹುಟ್ಟುವ ಜಾಗ ಬರಿದಾಗಿದೆ, ಸರೋಜಮ್ಮ. ಅದು ಮತ್ತೆ ಕೆಲಸ ಶುರು ಮಾಡುವವರೆಗೂ ನಿಮಗೆ ಬೇರೆಯವರ ರಕ್ತ ಹಾಕ್ತಾ ಇರಬೇಕು. ಮಾತ್ರೆ ಕೊಡ್ತೀನಿ. ಕೆಲವರಲ್ಲಿ ಮತ್ತೆ ಶುರುವಾಗುತ್ತೆ."

ಎಲ್ಲವನ್ನೂ ಕೇಳಿಸಿಕೊಂಡೆ. ಆದರೆ ಮನೆಗೆ ಬರುವ ಬಸ್ಸಿನಲ್ಲಿ ತಲೆಯೊಳಗೆ ಉಳಿದಿದ್ದು 'ಕೆಲವರಲ್ಲಿ' ಎಂಬ ಒಂದೇ ಮಾತು.

ನನ್ನ ರಕ್ತದ ಗುಂಪು ಓ ನೆಗೆಟಿವ್. ಅದು ಅಪರೂಪದ್ದು ಎಂದು ಅಲ್ಲಿಯವರೆಗೆ ನನಗೆ ಗೊತ್ತಿರಲಿಲ್ಲ. ನನ್ನಲ್ಲೂ ಏನೋ ಅಪರೂಪದ್ದು ಇದೆಯಲ್ಲ ಎಂದು ಒಂದು ಗಳಿಗೆ ಖುಷಿಪಟ್ಟೆನೆಂದು ಈಗ ಹೇಳಿದರೆ ನಗು ಬರುತ್ತದೆ.

ಆಗೆಲ್ಲ ರಕ್ತ ಬೇಕೆಂದರೆ ಮನೆಯವರು ಬಂದು ಕೊಡಬೇಕು, ಇಲ್ಲವೇ ಕೊಡುವವರನ್ನು ಹುಡುಕಿ ತರಬೇಕು. ದೇವಲಾಪುರದಿಂದ ನನ್ನ ಅಣ್ಣಂದಿರಿಬ್ಬರೂ ಮೂಸಂಬಿ ಹಿಡಿದು ನೋಡಲು ಬಂದರು. ಮರಗೆಲಸದವರು, ಗಟ್ಟಿ ಆಳುಗಳು. ರಕ್ತ ಕೊಡುವವರು ಯಾರು ಎಂದು ನರ್ಸು ಕೇಳಿದಾಗ ದೊಡ್ಡಣ್ಣ ನೆಲ ನೋಡಿದ. "ಉಳಿ ಹಿಡ್ಯೋ ಕೈ ಕಣಮ್ಮ. ನಡುಗಕ್ಕೆ ಶುರುವಾದ್ರೆ ಮಕ್ಳು ಮರಿ ಏನು ಮಾಡಾದು?" ಎಂದ. ಚಿಕ್ಕಣ್ಣ ಮೂಸಂಬಿ ಸುಲಿದು ನನ್ನ ಕೈಗಿಟ್ಟ, ಅವನ ಕಣ್ಣಲ್ಲಿ ನೀರಿತ್ತು. ನನ್ನ ಮೇಲೆ ಪ್ರೀತಿ ಇಲ್ಲದೆ ಅವರು ಹಾಗೆ ಮಾಡಲಿಲ್ಲ. ಒಮ್ಮೆ ಹೋದ ರಕ್ತ ಮತ್ತೆ ಬರುವುದಿಲ್ಲ ಎಂದು ಅವರು ನಿಜವಾಗಿ ನಂಬಿದ್ದರು. ಅತ್ತೆಯೂ ಹಾಗೇ ನಂಬಿದ್ದರು. "ಇರೋನು ಒಬ್ಬ ಮಗ. ಅವ್ನ ಮೈಗೆ ಸೂಜಿ ಆಕ್ಬ್ಯಾಡಿ" ಎಂದು ಡಾಕ್ಟರಮ್ಮನ ಮುಂದೆಯೇ ಹೇಳಿದರು. ನನ್ನ ಗಂಡ ಅಮ್ಮನಿಗೆ ಕಾಣದಂತೆ ಹೋಗಿ ರಕ್ತ ಪರೀಕ್ಷೆ ಮಾಡಿಸಿಕೊಂಡು ಬಂದರು. ಅವರದು ಬೇರೆ ಗುಂಪು.

ಹಾಗಾಗಿ ನನ್ನ ಮೊದಲ ಬಾಟಲಿ ರಕ್ತ ಬಂದದ್ದು ಸಿದ್ದಣ್ಣನಿಂದ. ಆಸ್ಪತ್ರೆ ಗೇಟಿನ ಹೊರಗೆ, ಹೊಂಗೆ ಮರದ ಕೆಳಗೆ, ರಕ್ತ ಮಾರುವ ಕೆಲವರು ಇರುತ್ತಿದ್ದರು. ಮುಖ ಸಪ್ಪಗಿಟ್ಟುಕೊಂಡು ಯಾರಾದರೂ ಹೊರಗೆ ಬಂದರೆ ಸಾಕು, ಹತ್ತಿರ ಬಂದು ಯಾವ ಗ್ರೂಪು ಎಂದು ಕೇಳುತ್ತಿದ್ದರು. ಅವರಲ್ಲಿ ನನ್ನ ಗುಂಪಿನವನು ಸಿದ್ದಣ್ಣ ಒಬ್ಬನೇ. ಮಾರ್ಕೆಟ್ಟಿನಲ್ಲಿ ಮೂಟೆ ಹೊರುವವನು, ಮೂಟೆ ಸಿಗದ ದಿನ ಇಲ್ಲಿಗೆ ಬರುವವನು. ರಕ್ತ ಕೊಟ್ಟು ಹೋಗುವಾಗ ವಾರ್ಡಿನ ಬಾಗಿಲಲ್ಲಿ ನಿಂತು ನನ್ನನ್ನು ನೋಡಿಕೊಂಡು ಹೋಗುತ್ತಿದ್ದ.

"ಎಂಗಿದ್ದೀರಕ್ಕಾ? ಈಗ ಮಖದಾಗೆ ಕಳೆ ಬಂದದೆ ನೋಡಿ."

ಅತ್ತೆ ಅವನ ಊರು ಕೇಳಿದರು, ಅಪ್ಪನ ಹೆಸರು ಕೇಳಿದರು. ಏನನ್ನು ತಿಳಿಯಲು ಕೇಳುತ್ತಿದ್ದಾರೆಂದು ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಅವನು ನಕ್ಕ. ಅತ್ತೆ ಮತ್ತೆ ಕೇಳಲಿಲ್ಲ. ಆಮೇಲಿನಿಂದ ಪಾಂಡವಪುರದಿಂದ ತರುವ ಕ್ಯಾರಿಯರ್‌ನಲ್ಲಿ ಒಂದು ಡಬ್ಬಿ ಹೆಚ್ಚಿಗೆ ಇರುತ್ತಿತ್ತು. "ಓಟ್ಲಲ್ಲಿ ಏನಾರ ತಿನ್ಬ್ಯಾಡ, ಇಲ್ ಕೂತ್ಕೊಂಡು ಒಟ್ಟೆ ತುಂಬ ಉಣ್ಣು" ಎಂದು ಅವನನ್ನು ಮೆಟ್ಟಿಲ ಮೇಲೆ ಕೂರಿಸಿ ಬಡಿಸುತ್ತಿದ್ದರು.

ಪಕ್ಕದ ಮಂಚದ ಜಯಮ್ಮನದೂ ನನ್ನ ಕಾಯಿಲೆಯೇ. ಅಕ್ಕಿಹೆಬ್ಬಾಳಿನವಳು, ನನಗಿಂತ ಚಿಕ್ಕವಳು, ಎರಡು ಮಕ್ಕಳ ತಾಯಿ. ಅವಳ ಗುಂಪೂ ಓ ನೆಗೆಟಿವ್. ಬೇರೆ ಗುಂಪಿನದನ್ನು ಅವಳ ಮೈ ಒಪ್ಪುತ್ತಿರಲಿಲ್ಲ. ಅಂದರೆ ನಾವಿಬ್ಬರೂ ಬದುಕಿದ್ದು ಸಿದ್ದಣ್ಣನೊಬ್ಬನ ಮೈಯಿಂದ. ಒಮ್ಮೆ ಅವಳಿಗೆ, ಒಮ್ಮೆ ನನಗೆ. ನಡುವೆ ಎಲ್ಲಿಂದಲೋ ಒಂದೊಂದು ಬಾಟಲಿ ಸಿಕ್ಕರೆ ಅದೇ ಹಬ್ಬ.

ಜಯಳ ಗಂಡ ಬೋರೇಗೌಡರು ರೈಲಿನಲ್ಲಿ ಬಂದು, ವಾರ್ಡಿನ ಹೊರಗಿನ ಬೆಂಚಿನ ಮೇಲೆ ಟವೆಲ್ಲು ಹೆಗಲಿಗೆ ಹಾಕಿಕೊಂಡು ಕೂರುತ್ತಿದ್ದರು. ಮಾತು ಕಡಿಮೆ. ಡಾಕ್ಟರಮ್ಮ ಅವರಿಗೆ ಎಷ್ಟೋ ಸಲ ಹೇಳಿದರು: "ನಿಮ್ಮ ರಕ್ತ ನಿಮ್ಮಾಕೆಗೆ ಆಗದಿದ್ದರೂ ಕೊಡಿ ಗೌಡರೆ. ಅದು ಇನ್ಯಾರಿಗೋ ಆಗುತ್ತೆ. ಹೀಗೆ ಎಲ್ಲರೂ ಕೊಟ್ಟರೆ ನಿಮ್ಮಾಕೆಗೆ ಬೇಕಾದ್ದೂ ಇಲ್ಲಿ ಇರುತ್ತೆ." ಅವರು ತಲೆ ಆಡಿಸುತ್ತಿದ್ದರು. ಆಮೇಲೆ ನನ್ನ ಗಂಡನ ಹತ್ತಿರ, "ನನ್ ಎಂಡ್ರುಗೆ ಓಗ್ದೆ ಇರೋದ ನಾನ್ಯಾಕೆ ಕೊಡ್ಲಿ ಆಚಾರ್ರೆ? ಅದ್ರಿಂದ ಇವ್ಳಿಗೇನಾಯ್ತದೆ?" ಎನ್ನುತ್ತಿದ್ದರು. ಆಗ ನಮಗೂ ಅವರ ಮಾತೇ ಸರಿ ಎನಿಸುತ್ತಿತ್ತು.

ಡಾಕ್ಟರಮ್ಮ ಕೊಟ್ಟ ಮಾತ್ರೆಗಳಿಂದ ನಮ್ಮಿಬ್ಬರಿಗೂ ತುಟಿಯ ಮೇಲೆ ಕೂದಲು ಬಂತು, ದನಿ ಒರಟಾಯಿತು. ನಾನು ಸೆರಗಿನಿಂದ ಬಾಯಿ ಮುಚ್ಚಿಕೊಂಡೇ ಮಾತಾಡುತ್ತಿದ್ದೆ. ಜಯಳಿಗೆ ನಾಚಿಕೆಯೇ ಇರಲಿಲ್ಲ. "ಅಕ್ಕಾ, ನಿನ್ ಮೀಸೆ ನಮ್ಮೆಜಮಾನ್ರುದುಕ್ಕಿಂತ ಚೆಂದಾಗದೆ. ಇನ್ನೊಸಿ ಬುಟ್ರೆ ಉರಿ ಮಾಡ್ಬೌದು" ಎಂದು ಗಟ್ಟಿಯಾಗಿ ನಗುವಳು. ನಗುವಾಗ ಅವಳ ವಸಡಿನಿಂದ ರಕ್ತ ಬರುತ್ತಿತ್ತು. ಒರೆಸಿಕೊಂಡು ಮತ್ತೆ ನಗುವಳು. ಆ ವಾರ್ಡಿನಲ್ಲಿ ನಾನು ಅತ್ತಿದ್ದಕ್ಕಿಂತ ನಕ್ಕಿದ್ದೇ ಹೆಚ್ಚು, ಅದು ಅವಳಿಂದ.

ರಕ್ತ ಮಾರುವುದು ಇನ್ನು ದೇಶದಲ್ಲೆಲ್ಲೂ ಕೂಡದು ಎಂಬ ಸುದ್ದಿಯನ್ನು ನನ್ನ ಗಂಡ ಕ್ಷೌರದಂಗಡಿಯಲ್ಲಿ ಪೇಪರು ಓದಿ ತಂದರು. ದೊಡ್ಡ ಕೋರ್ಟು ಮೊದಲೇ ಹೇಳಿತ್ತಂತೆ. ತೊಂಬತ್ತೆಂಟರ ಹೊಸ ವರ್ಷದಿಂದ ಜಾರಿಗೆ ಬಂತು. ಮಾರುವವರ ರಕ್ತದಲ್ಲಿ ರೋಗಗಳು ಹೆಚ್ಚು, ಹೊಟ್ಟೆಪಾಡಿಗೆ ಅವರು ಎಲ್ಲವನ್ನೂ ಮುಚ್ಚಿಡುತ್ತಾರೆ, ಆದ್ದರಿಂದ ಇನ್ನು ಮೇಲೆ ಜನ ತಾವಾಗಿ ಮುಂದೆ ಬಂದು ಕೊಟ್ಟ ರಕ್ತವೇ ಆಗಬೇಕು. ಓದಿದರೆ ಎಲ್ಲವೂ ಸರಿಯೇ. ಆದರೆ ತಾವಾಗಿ ಮುಂದೆ ಬರುವ ಜನ ನಮ್ಮ ಸೀಮೆಯಲ್ಲಿ ಎಲ್ಲಿದ್ದರು? ನನ್ನ ಒಡಹುಟ್ಟಿದವರೇ ಬಂದಿರಲಿಲ್ಲ.

ಹೊಂಗೆ ಮರದ ಕೆಳಗೆ ಜಾಗ ಖಾಲಿಯಾಯಿತು. ಜನವರಿ ಕಳೆಯುವ ಹೊತ್ತಿಗೆ ನಾವಿಬ್ಬರೂ ಮತ್ತೆ ವಾರ್ಡು ಸೇರಿದ್ದೆವು. ನನಗೆ ಮಂಚದಿಂದ ಎದ್ದು ಕೂತರೆ ಕಣ್ಣು ಕತ್ತಲೆಗಟ್ಟುತ್ತಿತ್ತು. ಜಯಳಿಗೆ ಮೂಗಿನಿಂದ ರಕ್ತ ಸೋರುವುದು ನಿಲ್ಲುತ್ತಿರಲಿಲ್ಲ.

ಬೋರೇಗೌಡರೂ ನನ್ನ ಗಂಡನೂ ಸೇರಿ ಮಾರ್ಕೆಟ್ಟಿಗೆ ಹೋಗಿ ಸಿದ್ದಣ್ಣನನ್ನು ಹುಡುಕಿ ತಂದರು. ಅವನನ್ನು ಜಯಮ್ಮನ ಅಣ್ಣ ಎಂದು ಹೇಳುವುದೆಂದು ಮಾತಾಗಿತ್ತು. ಡಾಕ್ಟರಮ್ಮ ವಾರ್ಡಿಗೆ ಬಂದಾಗ ಮೂವರೂ ನಮ್ಮ ಮಂಚಗಳ ನಡುವೆ ನಿಂತಿದ್ದರು.

"ಇವ್ರು ನಮ್ ಬಾವುಮೈದ ಮೇಡಂ, ಊರಿಂದ ಬಂದವ್ರೆ" ಎಂದರು ಬೋರೇಗೌಡರು. ಸುಳ್ಳು ಹೇಳಿ ರೂಢಿಯಿಲ್ಲದ ಮನುಷ್ಯ, ದನಿ ಕೀಚಲಾಗಿತ್ತು.

ಡಾಕ್ಟರಮ್ಮನಿಗೆ ಸಿದ್ದಣ್ಣನ ಮುಖ ಗೊತ್ತಿತ್ತು. ಆದರೂ ಗದರಲಿಲ್ಲ. ಅವನನ್ನು ಕಿಟಕಿಯ ಹತ್ತಿರ ಕರೆದು, ಹೆಬ್ಬೆರಳಿನಿಂದ ಅವನ ಕೆಳರೆಪ್ಪೆಯನ್ನು ಎಳೆದು ನೋಡಿದರು. ದಿನಾ ಬೆಳಿಗ್ಗೆ ನನ್ನದನ್ನೂ ಜಯಳದನ್ನೂ ಹಾಗೆಯೇ ನೋಡುತ್ತಿದ್ದರು. ಮಲಗಿದ್ದಲ್ಲಿಂದಲೇ ನನಗೂ ಕಂಡಿತು. ಅವನ ರೆಪ್ಪೆಯ ಒಳಗು ನಮ್ಮದರ ಹಾಗೇ ಬಿಳುಚಿತ್ತು.

"ಎಷ್ಟು ಕಡೆ ಕೊಡ್ತಿದ್ದೆ ಸಿದ್ದಣ್ಣ?"

"ಅಲ್ಲಿಲ್ಲಿ ಕೊಡ್ತಿದ್ದೆ ಮೇಡಂ. ನಂಗೇನೂ ಆಗಾಕಿಲ್ಲ. ತಕ್ಕೊಳಿ, ಈ ಅಕ್ಕಾರಿಗೆ ಕೊಡಿ."

"ನಿನ್ನ ಮೈಲಿ ಕೊಡೋದಕ್ಕೆ ಏನೂ ಉಳಿದಿಲ್ಲ. ನಿನ್ನ ಹತ್ತಿರ ತಗೊಂಡರೆ ನೀನೂ ಇಲ್ಲೇ ಮಲಗಬೇಕಾಗುತ್ತೆ."

ಬೋರೇಗೌಡರು ಟವೆಲ್ಲನ್ನು ಎರಡೂ ಕೈಯಲ್ಲಿ ಹಿಡಿದು ಮುಂದೆ ಬಂದರು. "ಇದೊಂದ್ಸಲ ಮೇಡಂ. ಕಾಲಿಗೆ ಬೀಳ್ತೀನಿ. ಇವ್ನೇ ಕೊಡ್ತೀನಿ ಅಂತಾವ್ನಲ್ಲ."

"ಕೊಡ್ತೀನಿ ಅಂತಾನೆ ಅಂತ ತಗೊಳ್ಳೋಕಾಗಲ್ಲ ಗೌಡರೆ" ಎಂದ ಡಾಕ್ಟರಮ್ಮ ಕಿಟಕಿಯ ಕಡೆಗೆ ತಿರುಗಿದರು. ಅವರ ಹೆಗಲು ಅಲುಗಿದ್ದನ್ನು ನಾನು ಕಂಡೆ. ಆಮೇಲೆ ಸಿದ್ದಣ್ಣನಿಗೇ ಮಾತ್ರೆ ಕೊಡಿಸಿ ಕಳಿಸಿದರು. ಬಾಗಿಲಲ್ಲಿ ಅವನು ನಮ್ಮ ಕಡೆ ನೋಡಿ ಕೈ ಮುಗಿದ. ಅವನಿಂದ ಅಷ್ಟೆಲ್ಲ ಪಡೆದವರು ನಾವು, ಕೈ ಮುಗಿದವನು ಅವನು. ಆಮೇಲೆ ಅವನನ್ನು ನಾನು ನೋಡಲಿಲ್ಲ. ವಿಚಾರಿಸಿದಾಗ ಮೂಟೆ ಹೊರುವುದನ್ನು ಬಿಟ್ಟು ಮಗಳ ಊರಿಗೆ ಹೋದನೆಂದರು.

ನಮ್ಮತ್ತೆ ಕ್ಯಾರಿಯರ್ ಹಿಡಿದು ಬಾಗಿಲ ಹತ್ತಿರವೇ ನಿಂತು ಇದನ್ನೆಲ್ಲ ನೋಡಿದ್ದರು. ಸಿದ್ದಣ್ಣನಿಗೆಂದು ತಂದಿದ್ದ ಡಬ್ಬಿಯನ್ನು ಅವನ ಕೈಗಿಟ್ಟು ಒಳಗೆ ಬಂದವರು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಡಾಕ್ಟರಮ್ಮನ ಮುಂದೆ ಬೆರಳು ಚಾಚಿದರು.

"ನಂದೂ ಒಂದಪ ನೋಡವ್ವಾ."

"ನಿಮ್ಮದಾ ಅಜ್ಜಿ?"

"ಅಜ್ಜಿ ಅನ್ಬ್ಯಾಡ, ಇನ್ನೂ ಬಾವಿಯಾಗೆ ನೀರು ಸೇದ್ತೀನಿ."

ಮಗನದು ಕೂಡಲಿಲ್ಲ, ನನ್ನ ಅಣ್ಣಂದಿರದು ನೋಡಲೇ ಇಲ್ಲ. ಹೊರಗಿನಿಂದ ಈ ಮನೆಗೆ ಬಂದ ನನಗೆ, ಹೊರಗಿನಿಂದಲೇ ಈ ಮನೆಗೆ ಬಂದಿದ್ದ ಅತ್ತೆಯ ರಕ್ತ ಕೂಡಿತು. ವಯಸ್ಸು, ತೂಕ, ರಕ್ತದ ಗಟ್ಟಿತನ ಎಲ್ಲ ನೋಡಿ ಡಾಕ್ಟರಮ್ಮ ಒಪ್ಪಿದರು. ಅತ್ತೆ ಮಲಗಿ ರಕ್ತ ಕೊಟ್ಟು, ಎದ್ದು ಸೀರೆ ಸರಿಮಾಡಿಕೊಂಡು, "ಇಷ್ಟೇಯಾ? ಇದುಕ್ಕಾ ಮಗನ್ನ ಇಡ್ಕೊಂಡಿದ್ದು ನಾನು?" ಎಂದರಂತೆ.

ಪರೀಕ್ಷೆಗಳು ಮುಗಿದು ಮರುದಿನ ಬೆಳಿಗ್ಗೆ ಆ ಚೀಲವನ್ನು ನನ್ನ ಮಂಚದ ಕಂಬಿಗೆ ನೇತುಹಾಕಿದರು. ಒಂದೇ ಚೀಲ. ಮೂರು ತಿಂಗಳವರೆಗೆ ಅತ್ತೆ ಮತ್ತೆ ಕೊಡುವಂತಿರಲಿಲ್ಲ. ನಾನು ಜಯಳ ಕಡೆಗೆ ನೋಡಲಾರದೆ ಗೋಡೆಗೆ ಮುಖ ಮಾಡಿದ್ದೆ.

"ಅಕ್ಕಾ, ಈ ಕಡೆ ತಿರುಗು" ಎಂದಳು ಜಯ. ಮೂಗಿಗೆ ಹತ್ತಿ ಇಟ್ಟಿದ್ದರಿಂದ ಮಾತು ಗೊಣಗಿದಂತಿತ್ತು. "ಅದು ನಿಮ್ಮತ್ತೆ ರಕ್ತ. ಇನ್ ಮ್ಯಾಲೆ ನಿಂಗೂ ಬಾಯಿ ಜೋರಾಯ್ತದೆ ನೋಡು."

ನಾನು ತಿರುಗಿದೆ. ಅವಳು ನಗುತ್ತಿದ್ದಳು. ನನ್ನ ತೋಳಿಗೆ ಹನಿಹನಿಯಾಗಿ ಇಳಿಯುತ್ತಿದ್ದುದನ್ನು ನೋಡುತ್ತಿದ್ದಳು. ಅವಳ ಕಣ್ಣಲ್ಲಿ ಹೊಟ್ಟೆಕಿಚ್ಚು ಇರಲಿಲ್ಲ. ಆಸೆ ಇತ್ತು. ಹಸಿದ ಮಗು ಇನ್ನೊಬ್ಬರ ತಟ್ಟೆಯನ್ನು ನೋಡುವಂಥ ಆಸೆ. ಅದನ್ನು ಮರೆಯಲು ನನಗೆ ಈವರೆಗೂ ಆಗಿಲ್ಲ.

ಡಾಕ್ಟರಮ್ಮ ಸುಮ್ಮನೆ ಕೂತಿರಲಿಲ್ಲ. ಶ್ರೀರಂಗಪಟ್ಟಣದ ಕಾಲೇಜಿಗೆ, ಮಂಡ್ಯಕ್ಕೆ, ತಮಗೆ ಗೊತ್ತಿದ್ದವರಿಗೆಲ್ಲ ಫೋನು ಮಾಡಿಸಿದ್ದರು. ಕೊನೆಗೆ ನಾಗಮಂಗಲದ ಒಬ್ಬ ಮೇಷ್ಟ್ರು ಸಿಕ್ಕರು. ನಮ್ಮಲ್ಲಿ ಯಾರಿಗೂ ನೆಂಟರಲ್ಲ, ಪರಿಚಯವೂ ಇಲ್ಲ. ಶಾಲೆಗೆ ರಜೆ ಹಾಕಿ, ಎರಡು ಬಸ್ಸು ಬದಲಿಸಿ ಬಂದು ರಕ್ತ ಕೊಟ್ಟರು. ಬಿಳಿ ಶರ್ಟಿನ ತೋಳು ಇಳಿಸಿಕೊಳ್ಳುತ್ತಾ ಅವರು ಕಾರಿಡಾರಿನಲ್ಲಿ ಹೋದದ್ದನ್ನು ಕಂಡ ಬೋರೇಗೌಡರು ಒಳಗೆ ಬಂದು, "ಜಯಾ, ಸಿಕ್ತು ಕಣೆ. ಯಾರೋ ಪುಣ್ಯಾತ್ಮ ಕೊಟ್ಬುಟ್ಟು ಓದ. ಟೆಸ್ಟ್ ಮಾಡ್ತಾವ್ರೆ" ಎಂದರು. ಅವರು ಅಷ್ಟು ಉದ್ದ ಮಾತಾಡಿದ್ದನ್ನು ನಾನು ಅಂದೇ ಕೇಳಿದ್ದು.

ಜಯ ತಲೆನೋವು ಎಂದಳು. ಬೆಳಕು ಕಣ್ಣಿಗೆ ಚುಚ್ಚುತ್ತದೆ, ಕಿಟಕಿ ಮುಚ್ಚಿ ಎಂದಳು. ನನ್ನ ಅತ್ತೆ ಎದ್ದು ಮುಚ್ಚಿದರು. ಸ್ವಲ್ಪ ಹೊತ್ತಿನ ಮೇಲೆ ಮಗಳ ಹೆಸರು ಹಿಡಿದು ಏನೋ ಕೇಳಿದಳು, ಮಾತು ತೊದಲಿತು. ನರ್ಸುಗಳು ಓಡಿಬಂದರು. ತಲೆಯೊಳಗೆ ರಕ್ತನಾಳ ಒಡೆದಿತ್ತು. ರಕ್ತವಿಲ್ಲದೆ ಕಾದವಳು ಇದ್ದಬದ್ದ ರಕ್ತವೂ ಒಳಗೇ ಸೋರಿ ಹೋದಳು. ಪರೀಕ್ಷೆ ಮುಗಿದು ಚೀಲ ಮೇಲೆ ಬರುವಷ್ಟರಲ್ಲಿ ಅವಳ ಮುಖಕ್ಕೆ ಬಟ್ಟೆ ಎಳೆದಿದ್ದರು.

ಬೋರೇಗೌಡರು ಅಳಲಿಲ್ಲ. ಮಂಚದ ಕೆಳಗಿದ್ದ ಅವಳ ಚಪ್ಪಲಿಗಳನ್ನು ಎತ್ತಿ ಟವೆಲ್ಲಿನಲ್ಲಿ ಕಟ್ಟಿಕೊಂಡರು.

ಮೇಷ್ಟ್ರು ಕೊಟ್ಟ ಆ ಚೀಲ ಮುಂದಿನ ವಾರ ನನಗೆ ಬಂತು. ಬೇಡ ಎಂದೆ. ಅತ್ತೆ ನನ್ನ ಪಕ್ಕ ಕೂತು ಕೈ ಹಿಡಿದುಕೊಂಡರು. "ಬ್ಯಾಡ ಅಂದ್ರೆ ಅವ್ಳು ಎದ್ ಬತ್ತಳಾ ಮಗಾ? ಆಕುಸ್ಕೊ. ಯಾರೋ ಮನ್ಸು ಮಾಡಿ ಕೊಟ್ಟಿರದು, ಮಣ್ಪಾಲು ಮಾಡ್ಬಾರ್ದು" ಎಂದರು. ಹಾಕಿಸಿಕೊಂಡೆ. ತಣ್ಣಗಿನ ರಕ್ತ ತೋಳಿಗೆ ಏರುವಾಗ ಮೈ ಜುಮ್ಮೆನ್ನುತ್ತದೆ. ಅಂದು ಆ ಚಳಿ ಕಂಬಳಿ ಹೊದ್ದರೂ ಹೋಗಲಿಲ್ಲ.

ಆ ಬೇಸಿಗೆಯ ಕೊನೆಯ ಹೊತ್ತಿಗೆ ನನ್ನ ಮೂಳೆಗಳು ಮತ್ತೆ ಕೆಲಸ ಶುರು ಮಾಡಿದವು. ಯಾಕೆ ನನ್ನವು, ಯಾಕೆ ಅವಳವಲ್ಲ ಎಂದು ಡಾಕ್ಟರಮ್ಮನನ್ನು ಕೇಳಿದೆ. ಗೊತ್ತಿಲ್ಲ ಎಂದರು. ನೆಗೆಟಿವ್ ಗುಂಪಿನವರು ಒಬ್ಬೊಬ್ಬರಾಗಿ ಸಿಗತೊಡಗಿದ್ದರು, ಆಮೇಲೆ ಅವರ ಅಗತ್ಯವೂ ಕಡಿಮೆಯಾಯಿತು. ಮಾತ್ರೆ ನಿಂತಿತು, ತುಟಿ ಮೇಲಿನ ಕೂದಲು ಉದುರಿತು. ದನಿ ಮಾತ್ರ ಹಾಗೇ ಉಳಿಯಿತು. ಫೋನಿನಲ್ಲಿ ನನ್ನನ್ನು ಇವತ್ತಿಗೂ ಗಂಡಸೆಂದೇ ತಿಳಿಯುತ್ತಾರೆ.

ಇನ್ನೊಂದೂ ಉಳಿಯಿತು. ವರ್ಷಗಳಾದ ಮೇಲೆ ನನ್ನ ಲಿವರ್‌ನಲ್ಲಿ ಒಂದು ಸೋಂಕು ಕಂಡಿತು. ಹಳೆಯ ಯಾವುದೋ ಬಾಟಲಿಯಿಂದ ಬಂದದ್ದು. ಆಗ ಅದನ್ನು ಹಿಡಿಯುವ ಪರೀಕ್ಷೆ ಕಡ್ಡಾಯವಾಗಿರಲಿಲ್ಲ, ಆಮೇಲೆ ಆಯಿತು. ಯಾರ ರಕ್ತದಿಂದ ಎಂದು ಕೇಳುವವರಿದ್ದಾರೆ. ಸಿದ್ದಣ್ಣನದೇ ಇದ್ದರೂ ಇರಬಹುದು. ಅವನ ಮೇಲೆ ಸಿಟ್ಟು ತಂದುಕೊಳ್ಳಲು ನನ್ನಿಂದಾಗಿಲ್ಲ. ಅವನನ್ನು ಆ ಮರದ ಕೆಳಗಿನಿಂದ ಎಬ್ಬಿಸಿದ ಕಾನೂನು ಸರಿಯಾಗಿಯೇ ಇತ್ತು, ಅವನ ರೆಪ್ಪೆಯನ್ನು ಕಂಡವಳು ನಾನು. ಆದರೆ ಅವನನ್ನು ಎಬ್ಬಿಸಿದ ಜಾಗಕ್ಕೆ ನಾವು ಯಾರೂ ಹೊತ್ತಿಗೆ ಸರಿಯಾಗಿ ಹೋಗಿ ನಿಲ್ಲಲಿಲ್ಲ. ಆ ನಡುವಿನ ಖಾಲಿಯಲ್ಲಿ ಜಯ ಹೋದಳು.

ನಡೆದಾಡುವಷ್ಟು ಶಕ್ತಿ ಬಂದ ಮೇಲೆ ಡಾಕ್ಟರಮ್ಮ ಕರೆದ ಕಡೆಯೆಲ್ಲ ಹೋಗತೊಡಗಿದೆ. ಶ್ರೀರಂಗಪಟ್ಟಣ, ಅರಕೆರೆ, ನಾಗಮಂಗಲ. ಶಾಲೆಯ ಕೊಠಡಿಗಳಲ್ಲಿ ಬೆಂಚು ಜೋಡಿಸಿ ಶಿಬಿರ ಮಾಡುತ್ತಿದ್ದರು. ನನ್ನ ಕೆಲಸ ಭಾಷಣವಲ್ಲ. ರಕ್ತ ಕೊಟ್ಟು ಎದ್ದವರಿಗೆ ಜ್ಯೂಸು, ಬಿಸ್ಕತ್ತು ಕೊಡುವುದು, ನನ್ನನ್ನು ತೋರಿಸುವುದು. "ನಿಮ್ಮಂಥೋರು ಕೊಟ್ಟು ಉಳಿದವಳು ನಾನೇ" ಎಂದರೆ ಗಂಡು ದನಿಗೆ ಬೆಚ್ಚಿ ತಿರುಗಿ ನೋಡುತ್ತಿದ್ದರು. ದೇವಲಾಪುರದ ಶಿಬಿರಕ್ಕೆ ನನ್ನ ಚಿಕ್ಕಣ್ಣ ಬಂದ. ದೊಡ್ಡಣ್ಣ ಬರಲಿಲ್ಲ.

ಕೆ.ಆರ್. ಪೇಟೆಯ ಶಿಬಿರದಲ್ಲಿ, ಊಟದ ಹೊತ್ತು ಮೀರಿ ಜನ ಕರಗಿದ ಮೇಲೆ, ಬಾಗಿಲಲ್ಲಿ ಬೋರೇಗೌಡರು ನಿಂತಿದ್ದರು. ಜಯ ಹೋಗಿ ವರ್ಷ ಕಳೆದಿತ್ತು. ಗಡ್ಡ ಬೆಳ್ಳಗಾಗಿತ್ತು. ನನ್ನನ್ನು ನೋಡಿ, "ಚೆಂದಾಗಿದ್ದೀರಾ ಸರೋಜಮ್ಮಾರೆ?" ಎಂದರು. ಅದನ್ನು ಕೇಳಲು ಅವರಿಗೆ ಎಷ್ಟು ಕಷ್ಟವಾಗಿರಬೇಕೆಂದು ನನಗೆ ಗೊತ್ತು. ಮಕ್ಕಳು ಹೇಗಿದ್ದಾರೆ ಎಂದೆ. ಮಗಳು ಐದನೇ ಕ್ಲಾಸು, ತಲೆ ತಾನೇ ಬಾಚಿಕೊಳ್ಳುತ್ತಾಳೆ ಎಂದರು. ಆಮೇಲೆ ಒಳಗೆ ಹೋಗಿ ಬೆಂಚಿನ ಮೇಲೆ ಮಲಗಿ ತೋಳು ಚಾಚಿದರು.

ಸೂಜಿ ಹಾಕುವಾಗ ಕಣ್ಣು ಮುಚ್ಚಲಿಲ್ಲ. ಟ್ಯೂಬಿನಲ್ಲಿ ಇಳಿಯುವುದನ್ನು ಉದ್ದಕ್ಕೂ ನೋಡುತ್ತಲೇ ಇದ್ದರು. ಮುಗಿದ ಮೇಲೆ ನರ್ಸು ಚೀಲಕ್ಕೆ ಚೀಟಿ ಅಂಟಿಸುತ್ತಿದ್ದಳು.

"ಇದು ಯಾರ್ಗೆ ಓಯ್ತದೆ ಕಣವ್ವಾ?" ಎಂದು ಕೇಳಿದರು.

"ಅದು ನಮಗೂ ಗೊತ್ತಾಗಲ್ಲ ಗೌಡರೆ. ಯಾರಿಗೆ ಬೇಕೋ ಅವರಿಗೆ."

ನಾನು ಜ್ಯೂಸಿನ ಲೋಟ ಹಿಡಿದು ಪಕ್ಕದಲ್ಲೇ ನಿಂತಿದ್ದೆ. ಅವರು ಎದ್ದು ಕೂತು, ತೋಳು ಮಡಿಸಿ ಹತ್ತಿಯನ್ನು ಒತ್ತಿಕೊಂಡರು.

"ಅಂಗಾದ್ರೆ ಒಳ್ಳೇದೇ ಆಯ್ತು ಬುಡಿ" ಎಂದರು. "ಉಳ್ಕೊಂಡ್ರಾ, ಇಲ್ವಾ ಅಂತ ಆಚೆ ಕೂತ್ಕೊಂಡು ಕಾಯಂಗಿಲ್ಲ."